ಅಕ್ಕ ಸಾಕಿದ ಕೊಂಬಿನ ಹುಳು

ನಾನು ಎಂಟು ವರ್ಷದವಳಿದ್ದಾಗ ನಮ್ಮ ಎರಡು ಹೊಲಗಳಲ್ಲಿ ಒಂದು ಗದ್ದೆಯಾಗಿತ್ತು. ಅದಕ್ಕೆ ಮುಂಚೆ ಎರಡರಲ್ಲೂ ಜೋಳ ಬೆಳೆಯುತ್ತಿದ್ದೆವು. ಸಿಂಧನೂರಿನ ಕಡೆಗೆ ಕಾಲುವೆಯ ನೀರು ಬಂದ ಮೇಲೆ ಅಪ್ಪ ಕೆಳಗಿನ ಹೊಲವನ್ನು ಸಮ ಮಾಡಿ, ಸುತ್ತ ಒಡ್ಡು ಹಾಕಿ, ನೀರು ನಿಲ್ಲಿಸಿ ಭತ್ತ ನಾಟಿ ಮಾಡಿಸಿದ. ನಮ್ಮ ಕಡೆ ಭತ್ತಕ್ಕೆ ನೆಲ್ಲು ಅನ್ನುತ್ತಾರೆ. ಜೋಳದ ವಿಷಯದಲ್ಲಿ ಅಪ್ಪನಿಗೆ ಗೊತ್ತಿಲ್ಲದ್ದು ಇರಲಿಲ್ಲ. ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿ, ಕೊಯ್ಲಿಗೆ ಇನ್ನೆಷ್ಟು ದಿನ ಎಂದು ಹೇಳಿಬಿಡುತ್ತಿದ್ದ. ನೆಲ್ಲಿನ ವಿಷಯದಲ್ಲಿ ಮಾತ್ರ ಅವನೂ ನನ್ನ ಹಾಗೆ ಹೊಸಬ. ಎಲೆ ಸ್ವಲ್ಪ ಹಳದಿಯಾದರೂ ಗಾಬರಿಯಾಗುತ್ತಿದ್ದ.

ಹಾಗೆ ಗಾಬರಿಯಾದಾಗಲೆಲ್ಲ ಅವನು ಪಕ್ಕದ ಗದ್ದೆಯವರ ಹತ್ತಿರ ಹೋಗುತ್ತಿದ್ದ. ಅವರು ಆಂಧ್ರದಿಂದ ಬಂದು ಕ್ಯಾಂಪು ಕಟ್ಟಿಕೊಂಡು ಇದ್ದವರು. ಅಜ್ಜ ಮುತ್ತಜ್ಜರ ಕಾಲದಿಂದ ನೆಲ್ಲು ಬೆಳೆದ ಮನೆತನ. ನಾವು ಮಕ್ಕಳು ಅವರನ್ನು ಕ್ಯಾಂಪಿನ ಮಾವ ಎಂದು ಕರೆಯುತ್ತಿದ್ದೆವು. ಅವರ ಕನ್ನಡದಲ್ಲಿ ತೆಲುಗು ಬೆರೆತಿರುತ್ತಿತ್ತು. ಹುಳಕ್ಕೆ ಅವರು ಪುರುಗು ಅನ್ನುತ್ತಿದ್ದರು.

ನೀರು ಬಂದದ್ದರಿಂದ ಊರಿನ ವಾಸನೆಯೇ ಬದಲಾಗಿತ್ತು. ಮೊದಲು ಒಣ ಎರೆಮಣ್ಣಿನ, ಬಿಸಿಲಿಗೆ ಕಾದ ಕಡ್ಡಿಯ ವಾಸನೆ ಇರುತ್ತಿತ್ತು. ಈಗ ಕೆಸರಿನದು, ಪಾಚಿಯದು. ಸಂಜೆಯಾದರೆ ಕಪ್ಪೆಗಳ ಸದ್ದಿಗೆ ಅವ್ವ ಕರೆದದ್ದು ಕೇಳುತ್ತಿರಲಿಲ್ಲ. ಹಿಂದೆ ಕಾಣದ ಬಿಳಿ ಹಕ್ಕಿಗಳು, ಹಿಂದೆ ಕಾಣದ ಹುಳಗಳು ಬಂದವು. ದೊಡ್ಡವರು ಹಕ್ಕಿಗಳನ್ನು ನೋಡಿದರು. ಹುಳಗಳನ್ನು ನೋಡಿದವಳು ನಮ್ಮ ಅಕ್ಕ.

ಅಕ್ಕನಿಗೆ ಆಗ ಹದಿಮೂರು. ನಮ್ಮೂರ ಶಾಲೆಯಲ್ಲಿ ಇದ್ದಷ್ಟು ತರಗತಿ ಮುಗಿಸಿದ್ದಳು. ಮುಂದಿನದಕ್ಕೆ ದಿನಾ ಸಿಂಧನೂರಿಗೆ ಹೋಗಿ ಬರಬೇಕಿತ್ತು, ಅದು ಆಗದ ಮಾತಾಗಿತ್ತು. ಆದ್ದರಿಂದ ಅವಳ ಕೆಲಸ ದಿನಾ ಎರಡು ಹೊರೆ ಹುಲ್ಲು ತರುವುದು. ಕುಡಗೋಲು ಹಿಡಿದು ಕಾಲುವೆಯ ದಂಡೆಗೆ ಹೋಗುವಳು, ಕೂತು ಕೊಯ್ಯುವಳು. ನಾನು ಹಿಂದೆಯೇ ಹೋಗಿ ಹುಲ್ಲನ್ನು ಕೂಡಿಸಿ ಕಟ್ಟುವೆ. ಅಷ್ಟು ಹೊತ್ತು ಮುಖವನ್ನು ಹುಲ್ಲಿನ ಹತ್ತಿರ ಇಟ್ಟುಕೊಂಡು ಕೂತವರಿಗೆ ಹುಲ್ಲಿನೊಳಗೆ ಯಾರು ಯಾರಿದ್ದಾರೆ ಎಂಬುದು ತಾನಾಗಿಯೇ ತಿಳಿಯುತ್ತದೆ.

ಚಿಟ್ಟೆಗೆ ನಾವು ಪಾತರಗಿತ್ತಿ ಅನ್ನುತ್ತಿದ್ದೆವು. ಹಳದಿಯವು, ಬಿಳಿಯವು, ನೀಲಿಯವು ಬಂದರೆ ಊರಿನ ಮಕ್ಕಳೆಲ್ಲ ಬೆನ್ನು ಹತ್ತುತ್ತಿದ್ದರು. ಕಂದು ಬಣ್ಣದವುಗಳನ್ನು ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಒಣಗಿದ ಎಲೆ, ಮಣ್ಣು, ಸಗಣಿ, ಕಂದು ಪಾತರಗಿತ್ತಿ, ಎಲ್ಲವೂ ಅವರಿಗೆ ಒಂದೇ. ಅಕ್ಕ ಮಾತ್ರ ಅವುಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತಿದ್ದಳು. ಹಾಗೆ ಗುರುತಿಸುವ ರೀತಿಯೂ ಅವಳದೇ. ರೆಕ್ಕೆಯನ್ನು ಆಮೇಲೆ ನೋಡುವಳು, ಮೊದಲು ನೋಡುವುದು ಅದು ಎಲ್ಲಿ ಕೂತಿದೆ ಎಂದು.

ಒಡ್ಡಿನ ಮೇಲಿನ ಕುಳ್ಳ ಹುಲ್ಲಿನಲ್ಲಿ ಇರುವುದು ಸಣ್ಣದು. ಅದು ಮೇಲಕ್ಕೆ ಹಾರುವುದೇ ಇಲ್ಲ, ಮೊಣಕಾಲಿನ ಎತ್ತರದಲ್ಲಿ ಕುಪ್ಪಳಿಸುತ್ತ ಹೋಗುತ್ತದೆ. ರೆಕ್ಕೆ ಮಡಿಚಿದರೆ ಕೆಳಗಡೆ ಹಳದಿ ಅಂಚಿನ ಸಣ್ಣ ಸಣ್ಣ ಉಂಗುರಗಳು. ಹರಳೆಣ್ಣೆ ಕೊಡುವ ಔಡಲದ ಗಿಡವನ್ನು ಬಿಟ್ಟು ದೂರ ಹೋಗದ್ದು ಇನ್ನೊಂದು. ಅದರ ಮೈಮೇಲೆ ನೀರಿನ ಅಲೆಯಂಥ ಗೆರೆಗಳು. ಅದರ ಹುಳು ಔಡಲದ ಎಲೆಯನ್ನೇ ತಿನ್ನುತ್ತದೆ, ಮೈತುಂಬ ಮುಳ್ಳು. ಎಕ್ಕೆಯ ಗಿಡದ ಸುತ್ತ ಸಾವಕಾಶವಾಗಿ, ಯಾರ ಹೆದರಿಕೆಯೂ ಇಲ್ಲದೆ ಹಾರುವುದು ಕೆಂಪು ಮಿಶ್ರಿತ ಕಂದು. ಹಕ್ಕಿಗಳೂ ಅದನ್ನು ಮುಟ್ಟುವುದಿಲ್ಲ, ಕಹಿ ಇರಬೇಕು ಎಂದು ಅಕ್ಕ ಹೇಳುತ್ತಿದ್ದಳು. ಅತ್ತೆಯ ಮನೆ ಮಸ್ಕಿಯಲ್ಲಿತ್ತು. ಅಲ್ಲಿಗೆ ಹೋದಾಗ ಗುಡ್ಡದ ಬಂಡೆಗಳ ನಡುವೆ ಕೆಂಗಂದು ಬಣ್ಣದ, ಕಪ್ಪು ಗೆರೆಯ ಒಂದು ಸಣ್ಣ ಪಾತರಗಿತ್ತಿ ಬಿಸಿಲಿಗೆ ರೆಕ್ಕೆ ಬಿಚ್ಚಿ ಕೂತಿತ್ತು. ಅಕ್ಕ ಅದನ್ನು ಬಹಳ ಹೊತ್ತು ನೋಡಿ, "ಇದು ನಮ್ಮೂರಿಗೆ ಬರಂಗಿಲ್ಲ ಬಿಡು. ಇದಕ್ಕ ನೀರು ಬೇಕಾಗಿಲ್ಲ" ಅಂದಿದ್ದಳು. ಅಕ್ಕ ಹೇಳಿದ ಹಾಗೆಯೇ ನಮ್ಮೂರಿನಲ್ಲಿ ಅದನ್ನು ನಾನು ಒಮ್ಮೆಯೂ ಕಾಣಲಿಲ್ಲ.

ಕೊನೆಯದು ಸಂಜೆಯ ಪಾತರಗಿತ್ತಿ. ಕಂದು ಪಾತರಗಿತ್ತಿಗಳಲ್ಲಿ ಅದೇ ದೊಡ್ಡದು. ಹಗಲೆಲ್ಲ ಜಾಲಿ ಮರದ ಬುಡದಲ್ಲಿ, ಉದುರಿದ ಎಲೆಗಳ ನಡುವೆ ಕೂತಿರುತ್ತದೆ. ಕಾಲಿಟ್ಟರೆ ಮಾತ್ರ ಎದ್ದು ನಾಲ್ಕು ಮಾರು ಹಾರಿ ಮತ್ತೆ ಕೂರುತ್ತದೆ. ಕೂತಿತೋ, ಇನ್ನು ಸಿಗುವುದಿಲ್ಲ. ಹೊತ್ತು ಮುಳುಗಿ ದನಗಳು ಮನೆಗೆ ಬರುವ ಹೊತ್ತಿನಲ್ಲಿ ಅದು ಗದ್ದೆಯ ಕಡೆಗೆ ಹೊರಡುತ್ತದೆ. ಮಳೆಗಾಲದಲ್ಲಿ ಅದರ ರೆಕ್ಕೆಯ ಕೆಳಗೆ ಸಾಲಾಗಿ ಕಣ್ಣಿನಂಥ ಚುಕ್ಕೆಗಳಿರುತ್ತವೆ, ಅಕ್ಕ ಅವನ್ನು ಕಣ್ಣು ಎಂದೇ ಕರೆಯುತ್ತಿದ್ದಳು. ದೀಪಾವಳಿ ಕಳೆದ ಮೇಲೆ ಸಿಗುವುದರಲ್ಲಿ ಕಣ್ಣುಗಳೇ ಇರುವುದಿಲ್ಲ, ಬರೀ ಒಣ ಎಲೆಯ ಹಾಗೆ ಇರುತ್ತದೆ. ಎರಡೂ ಒಂದೇ ಜಾತಿಯೋ, ಬೇರೆ ಬೇರೆಯೋ ಎಂಬುದೇ ಅಕ್ಕನಿಗೆ ಆ ವರ್ಷ ಹತ್ತಿದ್ದ ಚಿಂತೆ.

ಅದನ್ನು ತಿಳಿಯಲೆಂದು ಅವಳು ಹುಳ ಸಾಕಿದಳು. ಕಣ್ಣಿದ್ದ ಒಂದು ಪಾತರಗಿತ್ತಿ ಗದ್ದೆಯ ಅಂಚಿನ ಎಲೆಯ ಮೇಲೆ ಮುತ್ತಿನಂಥ ಮೊಟ್ಟೆಗಳನ್ನು ಇಡುವುದನ್ನು ನೋಡಿ, ಆ ಎಲೆಯನ್ನು ಕಿತ್ತು ತಂದಳು. ದನದ ಕೊಟ್ಟಿಗೆಯ ಮೂಲೆಯಲ್ಲಿ, ಬಾಯಿ ಒಡೆದ ಒಂದು ಗಡಿಗೆಯಲ್ಲಿ ಇಟ್ಟು ಮೇಲೆ ಹಳೆಯ ಬಟ್ಟೆ ಕಟ್ಟಿದಳು. ಹುಳಗಳು ಹಸಿರು, ನೆಲ್ಲಿನ ಎಲೆಯದೇ ಹಸಿರು. ತಲೆಯ ಮೇಲೆ ಎರಡು ಕೆಂಪು ಕೊಂಬು, ಬಾಲದಲ್ಲಿ ಎರಡು ಕಡ್ಡಿ. ಮುಂದಿನಿಂದ ನೋಡಿದರೆ ಸಣ್ಣ ಹೋತಿನ ಮುಖ. ದಿನಾ ಅವುಗಳಿಗೆ ಎಳೆಯ ಎಲೆ ತರುವ ಕೆಲಸ ನನ್ನದು. ನಾನು ತರುತ್ತಿದ್ದದ್ದು ನಮ್ಮ ಗದ್ದೆಯ ನೆಲ್ಲಿನ ಎಲೆಯನ್ನೇ. "ಯಾರಿಗೂ ಹೇಳಬ್ಯಾಡ" ಎಂದು ಅಕ್ಕ ಹೇಳಿದ್ದಳು. ಯಾಕೆ ಎಂದು ನಾನು ಕೇಳಲಿಲ್ಲ. ಬೆಳೆ ತಿನ್ನುವ ಹುಳವನ್ನು ಬೆಳೆ ಬೆಳೆಯುವವರ ಮನೆಯಲ್ಲಿ ಸಾಕಬಾರದು ಎಂಬುದು ಎಂಟು ವರ್ಷದವಳಿಗೂ ಗೊತ್ತಿತ್ತು.

ಇನ್ನು ಆ ದಿನದ ಮಾತು.

ದಸರೆ ಕಳೆದು ದೀಪಾವಳಿ ಹತ್ತಿರ ಬಂದಿತ್ತು. ನೆಲ್ಲು ತೆನೆ ಬಿಟ್ಟು ಹತ್ತು ಹನ್ನೆರಡು ದಿನವಾಗಿತ್ತು. ಅಪ್ಪ ಮುಂಜಾನೆ ಗದ್ದೆಗೆ ಹೋದವನು ರೊಟ್ಟಿ ತಿನ್ನುವ ಹೊತ್ತಿಗೆ ಮುಂಚೆಯೇ ಬಂದುಬಿಟ್ಟ. ಕಾಲಿನ ಕೆಸರು ತೊಳೆಯದೆ ಪಡಸಾಲೆಯ ಕಟ್ಟೆಯ ಮೇಲೆ ಕೂತ. ಒಂದು ಕೈಯಲ್ಲಿ ನಾಲ್ಕಾರು ತೆನೆ, ಇನ್ನೊಂದರಲ್ಲಿ ಒಂದು ಎಲೆ. ತೆನೆಗಳು ಬೆಳ್ಳಗಿದ್ದವು. ಅವ್ವ ಒಂದನ್ನು ಹಿಚುಕಿ ನೋಡಿದಳು. ಒಳಗೆ ಹಾಲಿರಲಿಲ್ಲ, ಕಾಳಿರಲಿಲ್ಲ, ಬರೀ ಹೊಟ್ಟು.

"ನಡುವ ಮಡಿಯೊಳಗ ಎಲ್ಲಾ ಹಿಂಗ ಆಗ್ಯಾವ" ಅಂದ ಅಪ್ಪ. "ಈ ಹುಳದ್ದೇ ಕೆಲಸ ನೋಡು."

ಎಲೆಯನ್ನು ತಿರುಗಿಸಿದ. ಅದರ ಬೆನ್ನಿಗೆ ಹಸಿರು ಹುಳವೊಂದು ಅಂಟಿತ್ತು. ತಲೆಯ ಮೇಲೆ ಎರಡು ಕೆಂಪು ಕೊಂಬು.

ಅವ್ವನ ಕಣ್ಣು ಪಡಸಾಲೆಯ ಮೂಲೆಯ ಚೀಲದ ಕಡೆಗೆ ಹೋಯಿತು. ಅದು ಹುಳ ಸಾಯಿಸುವ ಪುಡಿ. ಹೋದ ವರ್ಷವೂ ಅಪ್ಪ ಪುಡಿ ಹೊಡೆದಿದ್ದ. ತೆಳ್ಳನೆಯ ಬಟ್ಟೆಯ ಚೀಲದಲ್ಲಿ ಪುಡಿ ತುಂಬಿ, ಕೋಲಿಗೆ ಕಟ್ಟಿ, ಇನ್ನೊಂದು ಕೋಲಿನಿಂದ ತಟ್ಟುತ್ತ ಗದ್ದೆಯ ತುಂಬ ಓಡಾಡಿದ್ದ. ಆ ದಿನ ಗಾಳಿ ತಿರುಗಿತ್ತು. ಮನೆಗೆ ಬಂದಾಗ ಅವನ ಮೀಸೆ, ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿದ್ದವು. ನಾವು ಮಕ್ಕಳು ನಕ್ಕೆವು. ಆಮೇಲೆ ಮೂರು ದಿನ ಅವನು ಎದ್ದು ಕೂರಲಿಲ್ಲ. ಬಾಯಿಗೆ ಹಾಕಿದ ಗಂಜಿ ಒಳಗೆ ಉಳಿಯಲಿಲ್ಲ, ಕೈ ಒಂದೇ ಸಮನೆ ನಡುಗುತ್ತಿತ್ತು. ಗದ್ದೆಯ ನೀರು ಹೋಗುವ ಕಾಲುವೆಯಲ್ಲಿ ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲಿದವು.

"ನಾಳೆ ಮುಂಜಾನೆ ಹೊಡಿತೀನಿ" ಅಂದ ಅಪ್ಪ. "ಇಲ್ಲಾಂದ್ರ ಉಳಿದಿದ್ದೂ ಹೋಗ್ತೈತಿ." ಕೈಯಲ್ಲಿದ್ದ ಹುಳವನ್ನು ನೆಲಕ್ಕೆ ಹಾಕಿ ಹಿಮ್ಮಡಿಯಿಂದ ಒರೆಸಿದ.

ನಾನು ಆಗ ಬಾಯಿಬಿಟ್ಟೆ. ಹೇಳಬೇಕೆಂದು ಹೇಳಿದ್ದಲ್ಲ. ದಿನಾ ಎಲೆ ಹಾಕಿ ಸಾಕಿದ ಮುಖ ನೆಲದ ಮೇಲೆ ಹಸಿರು ಗೆರೆಯಾದದ್ದನ್ನು ಕಂಡು ಮಾತು ತಾನೇ ಬಂತು. "ಯಪ್ಪಾ, ಅದು ಅಕ್ಕನ ಹುಳದಂಗ ಐತಿ!"

ಅಕ್ಕ ಬಾಗಿಲ ಹತ್ತಿರ ಹುಲ್ಲಿನ ಹೊರೆ ಇಳಿಸುತ್ತಿದ್ದಳು. ಹಗ್ಗ ಬಿಚ್ಚುತ್ತಿದ್ದ ಅವಳ ಕೈ ನಿಂತಿತು. ಅವಳು ನನ್ನ ಕಡೆ ನೋಡಲಿಲ್ಲ. ನೋಡಿ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಯಾವ ಹುಳಾ?" ಅಂದ ಅಪ್ಪ.

ಅಕ್ಕ ಕೊಟ್ಟಿಗೆಗೆ ನಡೆದಳು. ಅಪ್ಪ ಹಿಂದೆ ಹೋದ. ನಾನು ಅಪ್ಪನ ಹಿಂದೆ. ಅವಳು ಗಡಿಗೆಯ ಬಟ್ಟೆ ಬಿಚ್ಚಿ ಪಕ್ಕಕ್ಕೆ ನಿಂತಳು. ಒಳಗೆ ಐದು ಹುಳ, ಎಲೆಯ ಅಂಚನ್ನು ಮೇಲಿನಿಂದ ಕೆಳಕ್ಕೆ ಕತ್ತರಿಸಿದಂತೆ ತಿನ್ನುತ್ತಿದ್ದವು. ಗಡಿಗೆಯ ಕಂಠಕ್ಕೆ ಎರಡು ಹಸಿರು ಕೋಶಗಳು ತಲೆಕೆಳಗಾಗಿ ನೇತಾಡುತ್ತಿದ್ದವು, ಎಳೆಯ ಅವರೆಕಾಯಿಯ ಹಾಗೆ.

ಅಪ್ಪ ಬಹಳ ಹೊತ್ತು ಬಗ್ಗಿ ನೋಡಿದ. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದ. ಅಪ್ಪ ಸಿಟ್ಟಿಗೆದ್ದಾಗ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು.

"ನನ್ನ ಬೆಳಿ ತಿನ್ನೋ ಹುಳಕ್ಕ ನನ್ನ ಬೆಳಿನಽ ಹಾಕಿ ಸಾಕಾಕತ್ತಿಯೇನವ್ವಾ?"

"ಎಲಿ ತಿಂತಾವ ಅಪ್ಪಾ" ಅಂದಳು ಅಕ್ಕ. "ತೆನಿ ಮುಟ್ಟಂಗಿಲ್ಲ. ಒಡ್ಡಿನ ಬಾಜೂಕ ಒಂದೆರಡು ಸಾಲಿನಾಗ ಮಾತ್ರ ಇರ್ತಾವ. ನಡುವ ಮಡಿಗೆ ಹೋಗಂಗಿಲ್ಲ. ತೆನಿ ಬೆಳ್ಳಗಾಗಿದ್ದು ಇವುಗಳಿಂದಲ್ಲ."

"ಮತ್ತ ಯಾವುದರಿಂದ?"

"ಬಾ, ತೋರಸ್ತೀನಿ."

ಅಪ್ಪ ಆ ದಿನ ಗಡಿಗೆಯನ್ನು ಒದ್ದಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಅವನು ಒದೆಯಲಿಲ್ಲ. ರುಮಾಲು ಬಿಚ್ಚಿ ಮುಖ ಒರೆಸಿಕೊಂಡು, ಮತ್ತೆ ಕಟ್ಟಿಕೊಂಡು, ನಡೆ ಅಂದ.

ಗದ್ದೆಯ ನೀರು ಬಿಸಿಲಿಗೆ ಬೆಚ್ಚಗಾಗಿತ್ತು. ತೆನೆಗಳ ನಡುವೆ ನಡೆದರೆ ಎಲೆಯ ಅಂಚು ಮೊಣಕಾಲಿಗೆ ಗೀರುತ್ತಿತ್ತು. ಮೊದಲು ಒಡ್ಡಿನ ಪಕ್ಕದ ಸಾಲುಗಳನ್ನು ಅಕ್ಕ ತೋರಿಸಿದಳು. ಅಲ್ಲಿ ಎಲೆಗಳು ಕಡಿದಿದ್ದವು, ಆದರೆ ಅದೇ ಬುಡಗಳ ತೆನೆಗಳು ಹಸಿರಾಗಿ, ಹಾಲು ತುಂಬಿ ಬಾಗಿದ್ದವು. ಆಮೇಲೆ ನಡುವಿನ ಮಡಿಗೆ ಹೋದೆವು. ಅಲ್ಲಿ ಎಲೆಗಳಿಗೆ ಏನೂ ಆಗಿರಲಿಲ್ಲ. ಆದರೆ ಹಸಿರಿನ ನಡುನಡುವೆ ಬಿಳಿಯ ತೆನೆಗಳು ನೆಟ್ಟಗೆ ನಿಂತಿದ್ದವು. ತೂಕವಿಲ್ಲದ ತೆನೆ ಬಾಗುವುದಿಲ್ಲ.

ಅಕ್ಕ ಒಂದು ಬಿಳಿ ತೆನೆಯನ್ನು ಎರಡೇ ಬೆರಳಿನಲ್ಲಿ ಹಿಡಿದು ಎಳೆದಳು. ಬೆಣ್ಣೆಯೊಳಗಿನ ಕೂದಲಿನಂತೆ ಅದು ಸುಲಭವಾಗಿ ಬಂತು. ಆಮೇಲೆ ಬುಡದ ಕಾಂಡವನ್ನು ಕಿತ್ತು, ಹೆಬ್ಬೆರಳಿನ ಉಗುರಿನಿಂದ ಉದ್ದಕ್ಕೆ ಸೀಳಿದಳು. ಒಳಗೆ ಬಿಳಿ ಹಳದಿ ಬಣ್ಣದ ಸಣ್ಣ ಹುಳವೊಂದು ಹೊರಳಿತು. ಕೊಂಬಿಲ್ಲ, ಬಾಲವಿಲ್ಲ. ಅಕ್ಕಿಯ ಹುಳ ಸ್ವಲ್ಪ ಉದ್ದವಾದರೆ ಹೇಗೋ ಹಾಗೆ.

ಅಪ್ಪ ತಾನೇ ಇನ್ನೊಂದು ಕಿತ್ತ. ಸೀಳಿದ. ಹುಳ. ಮತ್ತೊಂದು ಕಿತ್ತ. ಅದರಲ್ಲಿ ಹುಳವಿರಲಿಲ್ಲ, ಅದು ಕೊರೆದು ಬಿಟ್ಟ ತೂತು ಇತ್ತು. ಹೀಗೆ ಏಳೆಂಟು ನೋಡಿದ ಮೇಲೆ ಒಡ್ಡಿನ ಆಚೆಗೆ ತಿರುಗಿ ಕ್ಯಾಂಪಿನ ಮಾವನನ್ನು ಕೂಗಿದ.

ಮಾವ ಬಂದರು. ಸೀಳಿದ ಕಾಂಡವನ್ನು ಬಿಸಿಲಿಗೆ ಹಿಡಿದು ನೋಡಿದರು.

"ಇದು ಕಾಂಡ ಕೊರಿಯೋ ಪುರುಗು ನೋಡಪ್ಪಾ" ಅಂದರು. "ಮುಂಜಾನೆ ಬಂದು ನನಗೆ ಕೊಂಬಿನ ಪುರುಗು ಅಂತ ಹೇಳಿದೆ, ನಾನು ಪುಡಿ ಹೊಡಿ ಅಂದೆ. ಗದ್ದೆಗೆ ಬಂದು ನೋಡಿ ಹೇಳಬೇಕಿತ್ತು, ನನ್ನದೂ ತಪ್ಪೇ. ಇದಕ್ಕೆ ಈಗ ಪುಡಿ ಹೊಡೆದು ಏನೂ ಲಾಭ ಇಲ್ಲ. ಪುರುಗು ಒಳಗೆ, ಪುಡಿ ಮೇಲೆ. ಬೆಳ್ಳಗಾದ ತೆನೆ ಮತ್ತೆ ಹಸಿರಾಗುತ್ತಾ? ಆಗೋದಿಲ್ಲ. ಹೋದದ್ದು ಹೋಯ್ತು. ಉಳಿದದ್ದು ನಿನ್ನದು."

"ಹಂಗಾದ್ರ ಏನೂ ಮಾಡಾಕ ಬರಂಗಿಲ್ಲೇನ್ರೀ?"

"ಈಗ ಬರೋದಿಲ್ಲ. ಮೊದಲು ಬರುತ್ತಿತ್ತು. ಸಸಿ ಇನ್ನೂ ಮಡಿಯಲ್ಲಿ ಇರುವಾಗ ಇದರ ತಾಯಿ ಬರ್ತಾಳೆ. ಸಣ್ಣ ಪತಂಗ, ಒಣಹುಲ್ಲಿನ ಬಣ್ಣ. ಎಲೆಯ ತುದಿಯಲ್ಲಿ ಮೊಟ್ಟೆ ಇಟ್ಟು ಮೇಲೆ ಕಂದು ಕೂದಲು ಹೊದಿಸಿ ಹೋಗ್ತಾಳೆ. ನಾಟಿಗೆ ಮುಂಚೆ ಆ ತುದಿ ಚಿವುಟಿ ಸುಟ್ಟರೆ ಅರ್ಧಕ್ಕರ್ಧ ಕಡಿಮೆ ಆಗುತ್ತೆ. ಯಾರಾದರೂ ಕಂಡಿದ್ದರೆ..."

"ನಾ ಕಂಡಿದ್ದೆ" ಅಂದಳು ಅಕ್ಕ.

ಯಾರೂ ಕೇಳಿರಲಿಲ್ಲ ಅವಳನ್ನು. ಸುಮ್ಮನಿದ್ದಿದ್ದರೆ ಆ ದಿನ ಅವಳು ಗೆದ್ದ ಹಾಗೆಯೇ ಮುಗಿಯುತ್ತಿತ್ತು. ಅವಳು ಕೆಸರಿನಲ್ಲಿ ಕಾಲೂರಿ ನಿಂತು ತಾನೇ ಹೇಳಿದಳು. "ಸಸಿ ಮಡಿಯೊಳಗ ಎಲಿ ತುದಿಗೆ ಕಂದು ಬಣ್ಣದ ಮೆತ್ತನ ಚುಕ್ಕಿ ಇದ್ವು. ಬಾಳ ಇದ್ವು. ಅವು ಏನಂತ ನನಗ ಗೊತ್ತಿರಲಿಲ್ಲ. ಹೇಳಿದ್ರ, ಹುಲ್ಲು ಬಿಟ್ಟು ಹುಳಾ ನೋಡ್ತಿಯೇನು ಅಂತ ನೀ ಬೈತಿ ಅಂತ ಹೇಳಲಿಲ್ಲ ಅಪ್ಪಾ."

ಮಾವ ಬೇರೆ ಕಡೆ ನೋಡಿದರು. ಅಪ್ಪ ತನ್ನ ಕೈಯಲ್ಲಿದ್ದ ಬಿಳಿ ತೆನೆಗಳನ್ನು ಒಂದೊಂದಾಗಿ ನೀರಿಗೆ ಹಾಕಿದ. ಅವು ಮುಳುಗಲಿಲ್ಲ. ಕಾಳಿಲ್ಲದ ತೆನೆಗಳು ನಮ್ಮ ಕಾಲುಗಳ ಸುತ್ತ ತೇಲಿದವು.

"ಹೌದು" ಅಂದ ಅಪ್ಪ ಕೊನೆಗೆ. "ಬೈತಿದ್ದೆ."

ಅಷ್ಟೇ. ಮನೆಯವರೆಗೆ ಅವನು ಮುಂದೆ, ಅಕ್ಕ ನಡುವೆ, ನಾನು ಹಿಂದೆ. ದಾರಿಯಲ್ಲಿ ನಾನು ಅಕ್ಕನ ಲಂಗ ಹಿಡಿದು, "ನಾ ಬೇಕಂತ ಹೇಳಲಿಲ್ಲ ಅಕ್ಕಾ" ಅಂದೆ. ಅವಳು ನನ್ನ ಕೈ ಬಿಡಿಸಲಿಲ್ಲ. ಹಿಡಿದುಕೊಳ್ಳಲೂ ಇಲ್ಲ.

ಮನೆಗೆ ಬಂದ ಮೇಲೆ ಅಪ್ಪ ಪುಡಿಯ ಚೀಲದ ಬಾಯಿಗೆ ಇನ್ನೊಂದು ಸುತ್ತು ಹಗ್ಗ ಬಿಗಿದು, ನಮ್ಮ ಕೈಗೆ ಸಿಗದಂತೆ ತೊಲೆಗೆ ಕಟ್ಟಿದ. ಅವ್ವ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಅವತ್ತು ಅವಳ ಮುಖ ಬೆಳಗಿನಂತಿರಲಿಲ್ಲ. ಬೆಳೆ ಹೋಯಿತಲ್ಲ ಎಂದು ದುಃಖವಿತ್ತು, ಅಪ್ಪ ಮತ್ತೆ ಹಾಸಿಗೆ ಹಿಡಿಯುವುದಿಲ್ಲ ಎಂದು ಸಮಾಧಾನವೂ ಇತ್ತು. ಎರಡೂ ಒಟ್ಟಿಗೇ ಕಂಡವು.

ಉಂಡು ಎದ್ದ ಮೇಲೆ ಅಪ್ಪ ಅಕ್ಕನನ್ನು ಕರೆದ.

"ಆ ಗಡಿಗಿ ಹುಳಕ್ಕ ಇನ್ನ ಮ್ಯಾಲೆ ನನ್ನ ನೆಲ್ಲು ಹಾಕಬ್ಯಾಡ."

"ಹೂಂ ಅಪ್ಪಾ. ಬಿಟ್ಟು ಬರ್ತೀನಿ."

"ಬಿಡು ಅಂದ್ನೇನು? ಬ್ಯಾರೆ ಏನೂ ತಿನ್ನಂಗಿಲ್ಲೇನು ಅವು?"

ತನಗೆ ಕೇಳಿಸಿದ್ದು ನಿಜವೇ ಎಂದು ಅಕ್ಕನಿಗೆ ಸಂಶಯವಾಗಿರಬೇಕು. "ಕಾಲುವಿ ದಂಡಿ ಹುಲ್ಲು ತಿಂತಾವ" ಅಂದಳು.

"ಹಂಗಾದ್ರ ಅದನ್ನ ಹಾಕು."

ಸಂಜೆ ದನ ಕಟ್ಟುವ ಹೊತ್ತಿಗೆ ಗಡಿಗೆಯ ಕಂಠದ ಒಂದು ಕೋಶ ಕಪ್ಪಾಗಿತ್ತು. ನಾನು ನೋಡುತ್ತಿದ್ದಂತೆಯೇ ಅದು ಸೀಳಿತು. ಒದ್ದೆಯಾದ, ಮುದುಡಿದ ಏನೋ ಒಂದು ಹೊರಗೆ ಬಂದು, ಕೋಶದ ಸಿಪ್ಪೆಗೇ ಕಾಲು ಊರಿ ನೇತಾಡಿತು. ಅಕ್ಕನನ್ನು ಕೂಗಿದೆ. ಅವಳ ಜೊತೆ ಅಪ್ಪನೂ ಬಂದ. ಸಾವಕಾಶವಾಗಿ ರೆಕ್ಕೆಗಳು ಬಿಚ್ಚಿಕೊಂಡವು. ಅಕ್ಕ ಗಡಿಗೆಯನ್ನು ಬಾಗಿಲ ಬೆಳಕಿಗೆ ತಿರುಗಿಸಿದಳು. ರೆಕ್ಕೆಯ ಕೆಳಗೆ ಕಣ್ಣುಗಳಿರಲಿಲ್ಲ. ಒಣ ಎಲೆಯ ಬಣ್ಣ, ನಡುವೆ ಎಲೆಯ ನರದಂಥ ಒಂದು ಗೆರೆ.

"ತಾಯಿಗೆ ಕಣ್ಣು ಇದ್ವು" ಅಂದಳು ಅಕ್ಕ. "ಇದಕ್ಕ ಇಲ್ಲ. ಎರಡೂ ಒಂದಽ ಜಾತಿ. ಮಳಿಗಾಲಕ್ಕ ಒಂದು ಅಂಗಿ, ಬ್ಯಾಸಗಿಗೆ ಒಂದು ಅಂಗಿ."

ಅಪ್ಪ ಹತ್ತಿರ ಬಗ್ಗಿ ನೋಡಿದ. "ಜಾಲಿ ಗಿಡದ ಬುಡಕ್ಕ ಇದನ್ನ ದಿನಾ ತುಳಿತಿದ್ದೆ ನಾ. ಎಲಿ ಅನ್ಕೊಂಡಿದ್ದೆ" ಅಂದ.

ಅದು ರೆಕ್ಕೆ ಒಣಗುವವರೆಗೆ ಕೂತಿದ್ದು, ದನಗಳ ಬೆನ್ನ ಮೇಲಿನಿಂದ ಹಾರಿ ಮಬ್ಬಿನೊಳಗೆ ಹೋಯಿತು.

ಆ ವರ್ಷ ನಮ್ಮ ಗದ್ದೆಯಲ್ಲಿ ನೆಲ್ಲು ಕಡಿಮೆ ಬಂತು. ಅಕ್ಕನ ತಿಳಿವಳಿಕೆಯಿಂದ ಒಂದು ಬಿಳಿ ತೆನೆಯೂ ಹಸಿರಾಗಲಿಲ್ಲ. ಆದರೆ ಮರುವರ್ಷ ಸಸಿ ಮಡಿ ಹಾಕಿದ ಮೇಲೆ ಅಪ್ಪ ಒಂದು ಮುಂಜಾನೆ ಹುಲ್ಲಿಗೆ ಹೊರಟಿದ್ದ ಅಕ್ಕನನ್ನು ತಡೆದ. "ಹುಲ್ಲು ನಾ ತರ್ತೀನಿ. ನೀ ಸಸಿ ನೋಡು" ಅಂದ. ನಾನೂ ಅವಳೂ ನಾಲ್ಕು ದಿನ ಬಗ್ಗಿ ಬಗ್ಗಿ, ಕಂದು ಕೂದಲಿನ ಚುಕ್ಕೆ ಇರುವ ತುದಿಗಳನ್ನೆಲ್ಲ ಚಿವುಟಿದೆವು. ಬುಟ್ಟಿಯಲ್ಲಿ ತುಂಬಿ ತಂದು ಒಲೆಗೆ ಹಾಕಿದರೆ ಚಟಚಟ ಅನ್ನುತ್ತಿತ್ತು. ಮಾವ ಬಂದು ನೋಡಿ, ತಮ್ಮ ಸಸಿ ಮಡಿಗೂ ಅವಳನ್ನು ಕರೆದುಕೊಂಡು ಹೋದರು. ಅಲ್ಲಿಂದ ಮುಂದೆ ಎಲೆಯ ಮೇಲೆ ಏನೇ ಕಂಡರೂ ಸುತ್ತಲಿನ ಗದ್ದೆಯವರು ಮೊದಲು ಕೇಳುತ್ತಿದ್ದದ್ದು ಅಕ್ಕನನ್ನೇ. ಮದುವೆಯಾಗಿ ಅವಳು ಲಿಂಗಸುಗೂರಿನ ಕಡೆಯ ಒಂದು ಒಣಭೂಮಿಯ ಊರಿಗೆ ಹೋದಾಗ ಅಪ್ಪ ಬೇಸರದಿಂದ ಹೇಳಿದ್ದು ಒಂದೇ ಮಾತು: "ಅಲ್ಲಿ ನೆಲ್ಲು ಇಲ್ಲ. ಅಕಿ ಏನ್ ನೋಡ್ತಾಳ?" ಅಕ್ಕ ಅಲ್ಲಿ ತೊಗರಿಯ ಹುಳವನ್ನು ನೋಡಿದಳು, ಔಡಲದ್ದನ್ನು ನೋಡಿದಳು, ಕಲ್ಲುಗುಡ್ಡದ್ದನ್ನು ನೋಡಿದಳು.

ನನ್ನ ಮಗ ಈಗ ಸಿಂಧನೂರಿನಲ್ಲಿ ನೌಕರಿಯಲ್ಲಿದ್ದಾನೆ. ನಾನು ಅವನ ಮನೆಯಲ್ಲಿದ್ದೇನೆ. ಮನೆಯ ಹಿಂದೆ ಒಂದು ಖಾಲಿ ಜಾಗ, ಅದರಾಚೆ ಗದ್ದೆಗಳು. ಗದ್ದೆಗೆ ಔಷಧ ಹೊಡೆಯಲು ಈಗ ಡ್ರೋನ್ ಬರುತ್ತದೆ. ಹೊಡೆಸುವವನು ನೆರಳಿನಲ್ಲಿ ನಿಂತಿರುತ್ತಾನೆ, ಅವನ ಹುಬ್ಬು ಬೆಳ್ಳಗಾಗುವುದಿಲ್ಲ. ಅದು ಒಳ್ಳೆಯದೇ. ಮೊಮ್ಮಕ್ಕಳು ಓದುವ ಶಾಲೆಗೆ ಬಸ್ಸು ಮನೆಯ ಮುಂದೆಯೇ ಬರುತ್ತದೆ. ಅದೂ ಒಳ್ಳೆಯದು. ಕಪ್ಪೆಗಳ ಸದ್ದು ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಅವ್ವ ಇದ್ದಿದ್ದರೆ ಈಗ ಒಂದು ಸಲ ಕರೆದರೆ ಸಾಕಾಗುತ್ತಿತ್ತು.

ಮೊಮ್ಮಗಳಿಗೆ ಒಂಬತ್ತು ವರ್ಷ. ಹೋದ ವಾರ ಸಂಜೆ ಅವಳು ತನ್ನ ಅಪ್ಪನ ಫೋನು ಹಿಡಿದು ಓಡಿ ಬಂದಳು. ಹಿಂದಿನ ಖಾಲಿ ಜಾಗದಲ್ಲಿ ಒಂದು ಕಂದು ಪಾತರಗಿತ್ತಿಯ ಫೋಟೋ ತೆಗೆದಿದ್ದಳು. ಫೋನು ಅದರ ಹೆಸರನ್ನು ಆಗಲೇ ಹೇಳಿತ್ತು. ಇಂಗ್ಲಿಷಿನ ಹೆಸರು, ಅದರ ಕೆಳಗೆ ಇನ್ನೂ ಉದ್ದದ ಇನ್ನೊಂದು ಹೆಸರು. ಅವಳು ಎರಡನ್ನೂ ತಪ್ಪಿಲ್ಲದೆ ಓದಿದಳು. ನಮ್ಮ ಕಾಲದಲ್ಲಿ ಅದಕ್ಕೆ ಅಷ್ಟು ಹೆಸರುಗಳಿವೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಅವಳ ತಮ್ಮ ಪಕ್ಕದಲ್ಲಿ ನಿಂತು ತಾನೂ ಓದುವಂತೆ ತುಟಿ ಆಡಿಸುತ್ತಿದ್ದ.

"ನಿಮ್ಮ ದೊಡ್ಡಜ್ಜಿಗೆ ತೋರಿಸು" ಅಂದೆ.

ಅಕ್ಕನಿಗೆ ವೀಡಿಯೋ ಕಾಲ್ ಹಚ್ಚಿದೆವು. ಅವಳ ಕಣ್ಣು ಈಗ ಮಂಜು. ಫೋನನ್ನು ಮೂಗಿನ ಹತ್ತಿರ ಹಿಡಿದಳು, ನಮಗೆ ಅವಳ ಹಣೆ ಮತ್ತು ಬಿಳಿಗೂದಲು ಮಾತ್ರ ಕಂಡವು. ಮೊಮ್ಮಗಳು ಹೆಸರು ಹೇಳಿದಳು. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ಚಂದ ಹೆಸರು ಐತಿ" ಅಂದಳು. "ಅದು ಯಾವುದರ ಮ್ಯಾಲೆ ಕುಂತಿತ್ತವ್ವಾ?"

ಮೊಮ್ಮಗಳು ಫೋಟೋವನ್ನು ಮತ್ತೆ ದೊಡ್ಡದು ಮಾಡಿ ನೋಡಿದಳು. ರೆಕ್ಕೆ ತುಂಬ ಸ್ಪಷ್ಟವಾಗಿತ್ತು. ಸುತ್ತಲಿನದೆಲ್ಲ ಮಸುಕು.

"ಗೊತ್ತಿಲ್ಲ ದೊಡ್ಡಜ್ಜಿ" ಅಂದಳು. ಫೋನನ್ನು ನನ್ನ ಕೈಗೆ ಕೊಟ್ಟು, ಚಪ್ಪಲಿ ಹಾಕಿಕೊಳ್ಳದೆ ಹಿಂದಿನ ಬಾಗಿಲಿನಿಂದ ಓಡಿದಳು.